ಶರ್ವಾಣಿ ಆರಿಸಿದ ಕಾಲೇಜು

"ನಿಮ್ಮ ಕಥೆಯಲ್ಲಿರೋ ಹುಡುಗಿ ಅಷ್ಟೊಂದು ಅಳೋಳಲ್ಲ ಕಣ್ರಿ. ನೀವೇ ಬಲವಂತವಾಗಿ ಅಳಿಸಿದ್ದೀರ."

ಚಿಕ್ಕಬಳ್ಳಾಪುರದ ಕಥಾ ಕಮ್ಮಟದಲ್ಲಿ, ತುಂಬಿದ ಸಭೆಯ ನಡುವೆ ಎದ್ದು ನಿಂತು ಹೀಗೆಂದವನು ಚಿಂತಾಮಣಿಯ ಜಗನ್. ಆಗತಾನೇ ಕಥೆ ಓದಿ ಕೂತಿದ್ದ ಸಾದಲಿಯ ಶರ್ವಾಣಿಗೆ ಮೈಯೆಲ್ಲ ಉರಿದುಹೋಯಿತು. ಬಂದ ನೋಡು... ದೊಡ್ಡ ವಿಮರ್ಶಕ!

ಆ ಉರಿ ಆರುವಷ್ಟರಲ್ಲಿ ಶರ್ವಾಣಿ ಅವನಿಗೆ ಮನಸ್ಸು ಕೊಟ್ಟಾಗಿತ್ತು. ಅವನೂ ಅಷ್ಟೇ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಪಿಯುಸಿ ಮುಗಿದು ವರ್ಷ ಕಳೆದಿತ್ತು. ಕಥೆ ಬರೆಯುವುದನ್ನೇ ಪದವಿಯಲ್ಲಿ ಓದಬೇಕೆಂಬ ಹುಚ್ಚು ಇಬ್ಬರಿಗೂ. ಕೈವಾರದ ಬಸ್ ನಿಲ್ದಾಣದಲ್ಲಿ ಕೂತು, ಮೊಬೈಲಿನಲ್ಲಿ ಒಂದೊಂದೇ ಕಾಲೇಜನ್ನು ಅಳೆದು ತೂಗುತ್ತಿದ್ದರು. ಬೆಂಗಳೂರಿನದರಲ್ಲಿ ಸಾಹಿತ್ಯದ ಪಾಠವೇ ಹೆಚ್ಚು. ಬರವಣಿಗೆ ಕೊನೆಯ ವರ್ಷಕ್ಕೆ, ಅದೂ ಇಂಗ್ಲಿಷಿನಲ್ಲಿ. ಪುಣೆಯದರಲ್ಲಿ ಮೊದಲ ವಾರದಿಂದಲೇ ಬರೆಯಬೇಕು, ಬರೆದದ್ದನ್ನು ತರಗತಿಯವರೆಲ್ಲ ಓದಿ ಚರ್ಚಿಸುತ್ತಾರೆ. ಅಲ್ಲಿ ಕನ್ನಡದಲ್ಲೂ ಬರೆಯಬಹುದು.

ಜಗನ್‌ಗೆ ಸಿಕ್ಕಿದ್ದು ಬೆಂಗಳೂರು ಮಾತ್ರ. ಶರ್ವಾಣಿಗೆ ಎರಡೂ ಸಿಕ್ಕವು.

ಯಾವುದು ಒಳ್ಳೆಯದೆಂದು ಅವಳಿಗೆ ಗೊತ್ತಿತ್ತು. ಆದರೂ... ಇವನೊಂದು ಸಲ 'ಬಾ' ಅನ್ನಲಿ, ಬೆಂಗಳೂರಿಗೇ ಹೋಗಿಬಿಡುತ್ತೇನೆ ಎಂದುಕೊಂಡಳು.

ಆ ಮಾತು ಹೇಳಲೆಂದೇ ಜಗನ್ ಒಂದು ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಮೈತುಂಬ ಸೆಂಟು ಹೊಡೆದುಕೊಂಡು ಸಾದಲಿಗೆ ಬಂದ. ಶರ್ವಾಣಿ ತೋಟದಲ್ಲಿದ್ದಳು. ಬಾಗಿಲಲ್ಲಿ ಎದುರಾದವರು ಅವಳ ದೊಡ್ಡಮ್ಮ, ಮನೆಯವರ ಬಾಯಲ್ಲಿ ಪೆದ್ದಮ್ಮ. ಚಿಂತಾಮಣಿಯಿಂದ ಬಂದಿದ್ದೇನೆ, ಶರ್ವಾಣಿ ಇದ್ದಾಳಾ ಎಂದು ಕೇಳಿದ.

"ಹತ್ರ ಬರ್ಬೇಡಪ್ಪ. ಹೋಗು, ಈ ಕಡೆ ಕಾಲಿಡ್ಬೇಡ."

ಒಳಗೆ ರೇಷ್ಮೆ ಹುಳುಗಳು ಗೂಡು ಕಟ್ಟುವ ಹೊತ್ತು. ಸೆಂಟಿನ ಘಾಟು ಹುಳುವಿಗೆ ಆಗದೆಂದು ಸಾದಲಿಯಲ್ಲಿ ಮಕ್ಕಳಿಗೂ ಗೊತ್ತು; ಅದನ್ನು ಬಿಡಿಸಿ ಹೇಳಬೇಕೆಂದು ಪೆದ್ದಮ್ಮನಿಗೆ ತೋಚಲಿಲ್ಲ. ಪೇಟೆಯ ಗುಮಾಸ್ತರ ಮಗನಿಗೆ ಅದೆಲ್ಲಿ ತಿಳಿಯಬೇಕು? ಈ ಮನೆಗೆ ನಾನು ಬೇಡ ಎಂದುಕೊಂಡು ತಲೆ ತಗ್ಗಿಸಿ ಹಿಂದಿರುಗಿದ.

ಸಂಜೆ ಅವನ ಮೆಸೇಜು ಬಂತು. ಪುಣೆಗೇ ಹೋಗು, ಬೆಂಗಳೂರು ನಿನಗಲ್ಲ.

ನಾನೇ ಬೇಡವಾದೆನೇ ಇವನಿಗೆ... ಶರ್ವಾಣಿ ಕಣ್ಣು ಊದುವಷ್ಟು ಅತ್ತಳು. ಅದೇ ಸಿಟ್ಟಿನಲ್ಲಿ ಬೆಂಗಳೂರಿನ ಸೀಟು ಬಿಟ್ಟು, ಪುಣೆಗೆ ಒಪ್ಪಿಗೆ ಕಳಿಸಿದಳು.

ಗೂಡೆಲ್ಲ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮೇಲೆ, ಊಟಕ್ಕೆ ಕೂತಾಗ ಪೆದ್ದಮ್ಮ ನಗುತ್ತ ಮಾತು ತೆಗೆದರು. ಚಿಂತಾಮಣಿಯಿಂದ ಯಾರೋ ಹುಡುಗ ಇವಳನ್ನು ಕೇಳಿಕೊಂಡು ಬಂದಿದ್ದನಂತೆ, ಘಮ್ಮೆನ್ನುತ್ತಿದ್ದನಂತೆ, ಓಡಿಸಿದರಂತೆ. ಶರ್ವಾಣಿ ಅರ್ಧ ಊಟಕ್ಕೇ ಎದ್ದಳು. ಕೈ ತೊಳೆದವಳೇ ಜಗನ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು.

ಅವಳು ಊರು ಬಿಡುವ ದಿನ ಜಗನ್ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣಕ್ಕೆ ಬಂದ. ಅವಳ ಅಪ್ಪ ಲಗೇಜು ಹಿಡಿದು ಮುಂಚೆಯೇ ಬಸ್ಸು ಹತ್ತಿದ್ದರು.

"ಒಂದು ಮಾತು ಹೇಳಿದ್ದಿದ್ರೆ ಬೆಂಗಳೂರಿಗೆ ಬಂದ್ಬಿಡ್ತಿದ್ದೆ ಕಣೋ."

"ಗೊತ್ತು. ಅದಕ್ಕೇ ಈಗ ಭಯ ಆಗ್ತಿದೆ. ನಾನು ಬಾ ಅಂದಿದ್ರೆ ನೀನು ಕನ್ನಡದಲ್ಲಿ ಬರೆಯೋದೇ ನಿಂತೋಗ್ತಿತ್ತು."

"ಈಗ್ಲಾದ್ರೂ ಹೇಳು."

"ಪ್ರೀತಿಸ್ತೀನಿ ಶರ್ವಾಣಿ. ಬಾ ಅಂತ ಮಾತ್ರ ಅನ್ನಲ್ಲ."

ಇಷ್ಟು ದಿನ ಕಾದಿದ್ದ ಮಾತು... ಬಂದದ್ದು ಹೊರಡುವ ಹೊತ್ತಿಗೆ. ಅವಳಿಗೆ ಅಳು ತಡೆಯಲಾಗಲಿಲ್ಲ. ಕಂಡಕ್ಟರ್ ಸೀಟಿ ಊದಿದ.

"ಹತ್ತು, ಹೊತ್ತಾಯ್ತು," ಎಂದ ಜಗನ್.

"ಕೈ ಬಿಡು ಮತ್ತೆ."

"ಹಿಡ್ಕೊಂಡಿರೋದು ನೀನು ಕಣೇ."