ಬೆಲ್ ಆಗದ ಸಂಜೆ

ಚಾಕು ನನ್ನ ಗಂಟಲಿಗೇ ಇತ್ತು.

ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ. ತೊಂಬತ್ತಾರನೇ ಇಸವಿ, ಮಟಮಟ ಮಧ್ಯಾಹ್ನ. ಚಾಕು ಹಿಡಿದವನು ಸಲಾವುದ್ದೀನ... ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ಆಪರೇಟರ್. ಅವನನ್ನು ಹಿಡಿದು ತಾ ಎಂದು ಮ್ಯಾನೇಜರ್ ವಿರೂಪಾಕ್ಷ ನನ್ನನ್ನು ಕಳಿಸಿದ್ದ. ಕಂಪ್ಯೂಟರಿನಲ್ಲಿ ಕೈಯಾಡಿಸಿದವರನ್ನು ಹುಡುಕುವುದೇ ನನ್ನ ದಂಧೆ.

ಅವನ ಮಣಿಕಟ್ಟು ತಿರುವಿದೆ. ಚಾಕು ಗಟಾರಕ್ಕೆ ಬಿತ್ತು!

"ಬೆಲ್ ನಾ ಬಂದ್ ಮಾಡಿಲ್ರಿ," ಎಂದ. "ನಮ್ಮವ್ವನ್ನ ನಾನ ಕೊಲ್ತೇನೇನ್ರಿ?"

ವಿಷಯ ಇಷ್ಟು. ಅವನ ತಾಯಿ ತಾಜಬಿ ಅದೇ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಹೊಲಿಯುತ್ತಿದ್ದಳು. ಸಂಜೆ ಬೆಲ್ ಆದರೆ ಹೆಂಗಸರು ಹೊರಬರಬೇಕು, ವಾಚ್‌ಮನ್ ಬೀಗ ಹಾಕಬೇಕು. ಬೆಲ್ ಹೊಡೆಯುತ್ತಿದ್ದುದು ಕಂಪ್ಯೂಟರ್. ಅದನ್ನು ಜೋಡಿಸಿದವನು ಸಲಾವುದ್ದೀನ.

ಮೊನ್ನೆ ಬೆಲ್ ಆಗಲಿಲ್ಲ. ಉಳಿದವರು ಹರಟುತ್ತ ಹೊರಬಿದ್ದರು. ಚೀಲಗಳ ಹಿಂದಿದ್ದ ತಾಜಬಿ ಏಳಲಿಲ್ಲ. ಮಗ ಕರೆಯದೆ ನಾನು ಏಳುವವಳಲ್ಲ ಎಂದು ದಿನಾ ಜಂಬ ಕೊಚ್ಚುತ್ತಿದ್ದ ಮುದುಕಿ! ವಾಚ್‌ಮನ್ ಎಲ್ಲರೂ ಹೋದರೆಂದು ಬೀಗ ಜಡಿದ. ಬೆಳಿಗ್ಗೆ ತೆಗೆದಾಗ ಥಂಡಿಗೆ ಸೆಟೆದ ಹೆಣ.

ಬೆಲ್ ಆಗದ ದಿನವೇ ಬೆಳಿಗ್ಗೆ ಮಗನನ್ನು ಕೆಲಸದಿಂದ ತೆಗೆದಿದ್ದರು. ಹೆಂಗಸರಿಗೆ ಕಂಬಳಿ ಕೊಡಿ ಎಂದು ಕೇಳಿದ್ದೇ ತಪ್ಪಾಯಿತು. ಅವ್ವನಿಗೆ ಹೇಳಲು ಬಾಯಿ ಬರದೆ ಅವನು ರಾಣೆಬೆನ್ನೂರಿನ ಬಸ್ಸು ಹತ್ತಿದ್ದ. ಸಿಟ್ಟಿಗೆ ಬೆಲ್ ಕೆಡಿಸಿ ಓಡಿದ ಎಂದು ವಿರೂಪಾಕ್ಷ ಊರಿಗೆಲ್ಲ ಸಾರಿದ. ಪೊಲೀಸರ ಭಯಕ್ಕೆ ಹುಡುಗ ಅವ್ವನ ಮಣ್ಣಿಗೂ ಬಂದಿರಲಿಲ್ಲ.

ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬ್ಯಾಡಗಿಗೆ ಬಂದೆ. ಹೊರಗೆ ನಿಲ್ಲಿಸಿ, ಒಳಗೆ ಹೋಗಿ ಮಷೀನಿನ ಮುಂದೆ ಕೂತೆ.

ಯುನಿಕ್ಸ್‌ನಲ್ಲಿ (ಆ ಮಷೀನನ್ನು ನಡೆಸುವ ಸಾಫ್ಟ್‌ವೇರ್ ಅದು) ಒಬ್ಬೊಬ್ಬ ಯೂಸರಿಗೂ ಅವನವನ ಹೆಸರಿನದೇ ಒಂದು ಕ್ರಾನ್ ಫೈಲು. ಯಾವ ಹೊತ್ತಿಗೆ ಯಾವ ಕೆಲಸ ಎಂದು ಅದರಲ್ಲಿ ಬರೆದಿಟ್ಟರೆ ಸಾಕು, ಮಷೀನು ತಾನೇ ಮಾಡುತ್ತದೆ. ಸಂಜೆಯ ಬೆಲ್ ಇದ್ದುದು ಸಲಾವುದ್ದೀನನ ಫೈಲಿನಲ್ಲಿ. ಆ ಫೈಲೇ ಇರಲಿಲ್ಲ. ಆ ಯೂಸರೇ ಇರಲಿಲ್ಲ! ಅಳಿಸಿದ್ದು ಮ್ಯಾನೇಜರನ ಪಾಸ್‌ವರ್ಡಿನಿಂದ...

"ಅವನ ಹೆಸರಷ್ಟ ತಗದೇನಿ," ಎಂದ ವಿರೂಪಾಕ್ಷ. "ಬೆಲ್ ಮುಟ್ಟಿಲ್ಲ."

"ಹೆಸರಿನ ಕೂಡ ಅವನ ಫೈಲೂ ಹೋಗೇತ್ರಿ. ಬೆಲ್ ಅದರಾಗ ಇತ್ತು."

ಅವನ ಮುಖ ಬಿಳಿಚಿತು. ಆಮೇಲೆ ಬಾಗಿಲು ಮುಚ್ಚಿದ. ಇಬ್ಬರು ಹಮಾಲರು ಚೀಲ ಎತ್ತುವ ಕೊಕ್ಕೆ ಹಿಡಿದು ಅಡ್ಡ ನಿಂತರು.

"ರಿಪೋರ್ಟಿನಾಗ ಆ ಹುಡುಗನ ಹೆಸರು ಬರೀರಿ. ಇಲ್ಲಂದ್ರ ನೀವು ಬ್ಯಾಡಗಿ ದಾಟೂದಿಲ್ಲ."

ಕುರ್ಚಿ ಎತ್ತಿ ಒಬ್ಬನ ಮೊಣಕಾಲಿಗೆ ಬೀಸಿದೆ. ಕಿಟಕಿಯಿಂದ ಹಾರಿ, ಹುಡುಗನನ್ನು ಬೈಕಿಗೆ ಹತ್ತಿಸಿಕೊಂಡೆ. ಮೋಟೆಬೆನ್ನೂರು ದಾಟುವವರೆಗೂ ಅವರ ಜೀಪು ಬೆನ್ನು ಬಿಡಲಿಲ್ಲ. ಹಾವೇರಿ ಪೊಲೀಸ್ ಸ್ಟೇಷನ್ನಿನಲ್ಲಿ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಹುಡುಗನ ಮೇಲಿದ್ದ ಅಪವಾದ ಹೋಯಿತು.

ಆದರೂ ಅವನು ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಸಿದು ಕೂತ. ಅವತ್ತು ಬೆಳಿಗ್ಗೆ ಒಂದು ಮಾತು ಹೇಳಿದ್ದರೆ ಅವ್ವ ಬೆಲ್ ಕಾಯುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಅವ್ವ ಬಾಗಲಾ ಬಡದಿದ್ಲೇನ್ರಿ?" ಎಂದು ಕೇಳಿದ.

ಪೋಸ್ಟ್‌ಮಾರ್ಟಂ ಹೊತ್ತಿಗೇ ವಿರೂಪಾಕ್ಷ ನನ್ನನ್ನು ಕರೆಸಿದ್ದ, ನಾನೂ ಅಲ್ಲಿದ್ದೆ. ಆಕೆಯ ಬೆರಳ ಗೆಣ್ಣುಗಳೆಲ್ಲ ಒಡೆದಿದ್ದವು.

"ಇಲ್ಲೋ ತಮ್ಮಾ. ನಿದ್ದಿಯೊಳಗ ಹೋಗ್ಯಾಳ."

ನಿಜ ಹೇಳಿದ್ದಕ್ಕೆ ಪೊಲೀಸರು ನನ್ನಿಂದ ಪುಟಪುಟಕ್ಕೂ ಸಹಿ ಹಾಕಿಸಿಕೊಂಡಿದ್ದರು. ಈ ಸುಳ್ಳನ್ನು ಅವನು ಬಾಯಿಮಾತಿಗೇ ನಂಬಿದ.