ಸೋಮವಾರ ಸರಿಮಾಡುತ್ತಾನೆ

ಬೆಳಿಗ್ಗೆ ಆಫೀಸಿಗೆ ಬಂದು ನೋಡಿದರೆ ನನ್ನ ಸ್ಕ್ರೀನ್ ಕೆಂಪಾಗಿತ್ತು. ಫೇಲ್ ಆಗಲೇಬೇಕಿದ್ದ ಒಂದು ಟೆಸ್ಟ್ ಪಾಸ್ ಆಗಿಬಿಟ್ಟಿತ್ತು.



ಮಲ್ಲೇಶ್ವರದ ಹಳೇ ಮನೆಯೊಂದರ ಮಹಡಿಯಲ್ಲಿ ನಮ್ಮ ಸಣ್ಣ ಕಂಪನಿ. ಪ್ರೋಗ್ರಾಮಿನೊಳಗಿನ ತಪ್ಪು ಹುಡುಕಿಕೊಡುವ ಡಿಬಗರ್ ಮಾಡುತ್ತೇವೆ. ಅದರಲ್ಲಿ ಒತ್ತಲು ಬಟನ್‌ಗಳಿಲ್ಲ, ಕಮಾಂಡ್ ಟೈಪ್ ಮಾಡಬೇಕು. ಎರಡು ಅಕ್ಷರ ಹೊಡೆದು ಟ್ಯಾಬ್ ಕೀ ಒತ್ತಿದರೆ ಉಳಿದದ್ದನ್ನು ಅದೇ ತುಂಬಿಸುತ್ತದೆ. ಸರಿಯಾಗಿ ತುಂಬಿಸಿತೇ ಎಂದು ದಿನವೂ ತಾನಾಗಿ ಓಡುವ ಟೆಸ್ಟ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಹೊಡೆದ ಅಕ್ಷರಗಳಿಗೆ ಎರಡು ಕಮಾಂಡ್‌ಗಳು ಹೊಂದಿದರೆ, ಡಿಬಗರ್ ಎರಡನ್ನೂ ತೋರಿಸಿ ಇನ್ನೊಂದು ಅಕ್ಷರಕ್ಕಾಗಿ ಕಾಯಬೇಕು. ನಮ್ಮದು ಕಾಯುತ್ತಿರಲಿಲ್ಲ. ತಾನೇ ಒಂದನ್ನು ಆರಿಸಿಬಿಡುತ್ತಿತ್ತು. ಅದರ ಟೆಸ್ಟ್ ದಿನಾ ಫೇಲ್. ಇಂಥ ಟೆಸ್ಟಿನ ಮೇಲೆ ‘ಇದು ಫೇಲ್ ಆಗುತ್ತದೆ, ಗೊತ್ತಿದೆ’ ಎಂದು ಗುರುತು ಹಾಕಿ, ಪಕ್ಕದಲ್ಲಿ ಕಾರಣ ಬರೆಯುತ್ತೇವೆ. ಆಮೇಲೆ ಫೇಲ್ ಆದರೆ ಯಾರೂ ಕೇಳುವುದಿಲ್ಲ. ಪಾಸ್ ಆದರೆ ಸ್ಕ್ರೀನ್ ಕೆಂಪಾಗುತ್ತದೆ, ಗುರುತು ತೆಗೆಯಿರಿ ಎಂದು.

ಆ ಗುರುತು ಹಾಕಿದವಳು ನಾನು. ಬರೆದ ಕಾರಣ ಒಂದೇ ಸಾಲು: ‘ಅಭಿರಾಮ ಸೋಮವಾರ ಸರಿಮಾಡುತ್ತಾನೆ.’

ಅಭಿರಾಮ ನನ್ನ ಗಂಡ. ಎದುರಿನ ಕುರ್ಚಿಯಲ್ಲೇ ಕೂರುತ್ತಿದ್ದ. ಮೂರು ವರ್ಷದ ಹಿಂದೆ, ನಾನು ಆ ಸಾಲು ಬರೆದ ವಾರವೇ, ಭಾನುವಾರ ಲಾಲ್‌ಬಾಗಿನಲ್ಲಿ ನಡೆಯುತ್ತಾ ನಡೆಯುತ್ತಾ ಕುಸಿದ, ಮತ್ತೆ ಏಳಲಿಲ್ಲ. ಸೋಮವಾರ ಬಂತು, ಅವನು ಬರಲಿಲ್ಲ.

“ನನ್ನ ಟೆಸ್ಟ್ ಯಾರು ಮುಟ್ಟಿದ್ದು?”

ಲಕ್ಷ್ಮೀಶ ತಲೆಯೆತ್ತಿದ. ಹೋದ ವರ್ಷ ಸೇರಿದವನು. ಶೇಷಾದ್ರಿಪುರಂನಿಂದ ನಡೆದೇ ಬರುತ್ತಾನೆ. ನನ್ನನ್ನು ನೋಡುವ ಮೊದಲು ಕನ್ನಡಕ ತೆಗೆದು ಒರೆಸುವುದು ಅವನ ಅಭ್ಯಾಸ. ಈಗಲೂ ಒರೆಸಿದ.

“ಟೆಸ್ಟ್ ಮುಟ್ಟಿಲ್ಲ, ಶ್ರೀವಿದ್ಯಾ ಅವ್ರೇ. ಡಿಬಗರ್ ಸರಿಮಾಡ್ದೆ. ಅದಕ್ಕೆ ಪಾಸಾಗಿದೆ.”

“ಯಾರು ಹೇಳಿದ್ರು ಮಾಡಿ ಅಂತ?”

“ಯಾರೂ ಇಲ್ಲ. ಯುಗಾದಿ ಹೊತ್ತಿಗೇ ಮುಗಿಸಿದ್ದೆ. ನನ್ನ ಹತ್ರಾನೇ ಇಟ್ಕೊಂಡಿದ್ದೆ.”

“ಯಾಕೆ?”

“ಕೊಟ್ರೆ ನೀವು ಆ ಸಾಲು ಅಳಿಸ್ಬೇಕಾಗುತ್ತಲ್ಲ.”

ಆ ಸಾಲನ್ನು ನನ್ನ ಹೊರತು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ.

“ಈಗ ಯಾಕೆ ಕೊಟ್ರಿ ಮತ್ತೆ?”

ಅವನು ಡ್ರಾಯರಿನಿಂದ ಸ್ಟೀಲ್ ಡಬ್ಬ ತೆಗೆದು ಮೇಜಿನ ಮೇಲಿಟ್ಟ. ನಮ್ಮ ಮನೆಯದು. ಪುಳಿಯೋಗರೆ ಮಾಡಿದಾಗಲೆಲ್ಲ ನಮ್ಮತ್ತೆ ಆಂಡಾಳಮ್ಮ ‘ಆಫೀಸಿನ ಆ ಹುಡುಗನಿಗೆ’ ಎಂದು ಇನ್ನೊಂದು ಡಬ್ಬ ಕಟ್ಟುತ್ತಾರೆ. ಅದು ಖಾಲಿ ವಾಪಸು ಬಂದದ್ದೇ ಇಲ್ಲ. ಒಮ್ಮೆ ಕಲ್ಲುಸಕ್ಕರೆ, ಒಮ್ಮೆ ಒಂದು ಸಂಪಿಗೆ.

“ನಿಮ್ಮತ್ತೆ ನಿನ್ನೆ ಫೋನ್ ಮಾಡಿದ್ರು.”

“ನಿಮಗಾ?”

“‘ಖಾಲಿ ಡಬ್ಬ ಕಳಿಸ್ಬಾರದು ಅಂತ ಗೊತ್ತು, ಬಾಯಿ ಬಿಡೋದು ಮಾತ್ರ ಗೊತ್ತಿಲ್ವೇನಪ್ಪ ನಿನಗೆ’ ಅಂದ್ರು.”

ನಾನು ಕುರ್ಚಿಯ ತೋಳು ಹಿಡಿದುಕೊಂಡೆ.

“ನಂಬರ್ ಎಲ್ಲಿ ಸಿಕ್ತು ಅವರಿಗೆ?”

“ನಿಮ್ಮ ಫೋನಲ್ಲಿ. ‘ಲಕ್ಷ್ಮೀಶ ಆಫೀಸ್ ಅಂತ ಹಾಕ್ಕೊಂಡಿದಾಳೆ, ಮನೇಲಿ ಬೇರೆ ಲಕ್ಷ್ಮೀಶ ಇರೋ ಹಾಗೆ’ ಅಂದ್ರು.”

ಏನೋ ಸದ್ದಾಯಿತು. ನಾನು ನಕ್ಕಿದ್ದೆ. ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದೆ.

ಅವನು ನಗಲಿಲ್ಲ. “ಬಾಯಿ ಬಿಡೋಕೆ ಮುಂಚೆ ಆ ಸಾಲು ನಿಮ್ಮ ಮುಂದೆ ಬರ್ಬೇಕು ಅನ್ನಿಸ್ತು. ಅದನ್ನ ತಪ್ಪಿಸ್ಕೊಂಡು ಹಿಂದಿನ ಬಾಗಿಲಿಂದ ಬರೋಕೆ ಮನಸ್ಸಾಗ್ಲಿಲ್ಲ. ಬೇಡ ಅಂದ್ರೆ ನಾನು ಮಾಡಿದ್ದನ್ನ ವಾಪಸ್ ತಗೋತೀನಿ. ಟೆಸ್ಟ್ ಮೊದಲಿನ ಥರಾನೇ ಫೇಲ್ ಆಗ್ತಿರುತ್ತೆ.”

ನಾನು ಬಾಲ್ಕನಿಗೆ ಹೋಗಿ ಬಸವನಗುಡಿಯ ನಮ್ಮ ಮನೆಗೆ ಫೋನ್ ಮಾಡಿದೆ.

“ಅತ್ತೆ, ಇಲ್ಲಿ ಅಭಿ ಹೆಸರು ಒಂದು ಕಡೆ ಬರೆದಿದ್ದೆ. ಅಳಿಸ್ಬೇಕಾಗಿದೆ.”

ಆ ಕಡೆ ಕುಕ್ಕರ್ ಕೂಗಿ ನಿಂತಿತು.

“ಅಳಿಸು ಕಣೇ. ಹೆತ್ತವಳು ನಾನಿದೀನಿ, ನನ್ನ ಹತ್ರ ಇರುತ್ತೆ ಆ ಹೆಸರು. ನೀನೊಬ್ಳೇ ಕಾವಲು ಕಾಯ್ಬೇಕಾ?” ಆಮೇಲೆ, “ಆ ಹುಡುಗ ಬಾಯಿ ಬಿಟ್ನಾ?” ಎಂದರು.

“ಬಿಡ್ತಿದಾರೆ.”

“ಬೇಗ ಬಿಡು ಅನ್ನು. ನಂಗೆ ಮೊಳಕಾಲು ನೋವು, ಮದುವೆ ಓಡಾಟ ಆಗ್ಬೇಕಲ್ಲ.” ಫೋನ್ ಇಟ್ಟುಬಿಟ್ಟರು.

ಮದುವೆ. ಗಂಡನ ತಾಯಿಯ ಬಾಯಲ್ಲಿ. ಬಾಲ್ಕನಿಯ ಕಂಬಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಕೆಳಗೆ ಹೂವಿನವಳು ಯಾರೊಂದಿಗೋ ಮೊಳದ ಲೆಕ್ಕಕ್ಕೆ ಜಗಳವಾಡುತ್ತಿದ್ದಳು.

ಒಳಗೆ ಬಂದು ಆ ಸಾಲನ್ನು ಒಮ್ಮೆ ಓದಿದೆ. ಅಳಿಸಿದೆ. ಟೆಸ್ಟ್ ಓಡಿಸಿದೆ. ಹಸಿರು.

ಏನೂ ಕುಸಿಯಲಿಲ್ಲ. ಅದನ್ನೇ ನಂಬಲಾಗಲಿಲ್ಲ.

“ಈಗ ಎರಡು ಉತ್ತರ ಇದ್ರೆ ಏನ್ ಮಾಡುತ್ತೆ ಇದು?” ಎಂದು ಕೇಳಿದೆ, ಸ್ಕ್ರೀನ್ ನೋಡುತ್ತಲೇ.

“ಕಾಯುತ್ತೆ.”

“ಎಷ್ಟು ಹೊತ್ತು?”

“ಟೈಮ್‌ಔಟ್ ಇಟ್ಟಿಲ್ಲ. ಎಷ್ಟು ಹೊತ್ತಾದ್ರೂ ಸರಿ.”

ತಿರುಗಿ ನೋಡಿದೆ. ನನ್ನ ಸ್ಕ್ರೀನಿನ ಕೆಂಪೆಲ್ಲ ಅವನ ಕಿವಿಗೆ ಹೋಗಿತ್ತು. ಕನ್ನಡಕ ಕೈಯಲ್ಲೇ ಇತ್ತು, ಒರೆಸುವುದನ್ನು ಮರೆತಿದ್ದ.

ಡಬ್ಬವನ್ನು ಅವನ ಕಡೆಗೇ ತಳ್ಳಿದೆ.

“ಇದನ್ನ ನೀವೇ ಮನೆಗೆ ಬಂದು ಕೊಡಿ. ಅತ್ತೆ ಕೈಗೆ.”

ಅವನು ಡಬ್ಬವನ್ನೂ ನನ್ನನ್ನೂ ನೋಡಿದ. “ಇವತ್ತು ಶುಕ್ರವಾರ. ಎರಡು ದಿನ ಯೋಚ್ನೆ ಮಾಡಿ. ಸೋಮವಾರ ಬರ್ಲಾ?”

“ಸೋಮವಾರ ಬೇಡ,” ಎಂದಿತು ಒಂದು ದನಿ. ನನ್ನದು. “ಇವತ್ತೇ ಬನ್ನಿ.”