ಕಂಬಿಬೇಲಿಯ ಕಿಂಡಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ರಸ್ತೆ ಕಾಮಗಾರಿಯ ಎಂಜಿನಿಯರ್ ಠಾಣೆಗೆ ಬಂದು ದೂರು ಕೊಟ್ಟರು. ಊರ ಹೊರವಲಯದ ಮುಖ್ಯರಸ್ತೆಯಲ್ಲಿ ಅಪಘಾತ ದಿನನಿತ್ಯದ ಮಾತಾಗಿತ್ತು. ಅದಕ್ಕೇ ರಸ್ತೆ ಅಗಲ ಮಾಡಿ, ನಡುವೆ ಎದೆಮಟ್ಟದ ಕಬ್ಬಿಣದ ಬೇಲಿ ಹಾಕಿದ್ದರು. ಯಾರೋ ಅದನ್ನು ಕೊಯ್ದು ಕಿಂಡಿ ಮಾಡಿದ್ದರು. ಸೋಮವಾರ ಸಂಜೆ ಆ ಕಿಂಡಿಯಿಂದ ಓಡುತ್ತ ರಸ್ತೆಗಿಳಿದ ಬ್ಯಾಂಕ್ ಗುಮಾಸ್ತರಿಗೆ ವ್ಯಾನು ಬಡಿದು ಕಾಲು ಮುರಿದಿತ್ತು.

"ಗುಜರಿ ಕಳ್ಳರ ಕೆಲಸ ಸರ್, ಇನ್ನೇನಿಲ್ಲ."

"ನೋಡೋಣ," ಎಂದು ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದರು.

ಸ್ಥಳದಲ್ಲಿ ಪಂಚನಾಮೆ ನಡೆಯಿತು. ಕೊಯ್ದ ಕಂಬಿಗಳು ಬೇಲಿಯ ಬುಡದಲ್ಲೇ ಬಿದ್ದಿದ್ದವು. ಕಿಂಡಿಯ ಎರಡೂ ಬದಿಯ ತುದಿಗಳನ್ನು ಅರದಿಂದ ಉಜ್ಜಿ ನಯ ಮಾಡಿ, ಮೇಲೆ ಕಪ್ಪು ರಬ್ಬರು ಸುತ್ತಿದ್ದರು.

"ಕಳ್ಳ ಕಬ್ಬಿಣ ಬಿಟ್ಟು ಹೋಗ್ತಾನೇನ್ರೀ?" ಎಂದರು ಇನ್‌ಸ್ಪೆಕ್ಟರ್. "ಇಲ್ಲಿ ಯಾರೋ ಬೇಲಿ ತಡವ್ಕೊಂಡು ದಾಟ್ತಾರೆ. ಅವರ ಕೈ ಕೊಯ್ಯಬಾರದು ಅಂತ ಇದನ್ನ ಸುತ್ತಿದಾರೆ."

ಕಾನ್‌ಸ್ಟೇಬಲ್ ರಬ್ಬರು ಎಳೆದು ನೋಡಿದ. "ಸೈಕಲ್ ಟ್ಯೂಬು ಸರ್."

ಆ ರಸ್ತೆಯಲ್ಲಿದ್ದದ್ದು ಒಂದೇ ಸೈಕಲ್ ರಿಪೇರಿ ಅಂಗಡಿ, ಕಿಂಡಿಯ ನೇರಕ್ಕೆ. ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡ ಹೆಂಗಸೊಬ್ಬಳು ಪಂಕ್ಚರ್ ಹಾಕುತ್ತಿದ್ದಳು.

"ಬೇಲಿ ಕೊಯ್ದಿದ್ದು ಯಾರು?"

"ನನಗೇನ್ ಗೊತ್ತು ಸರ್? ತಲೆ ಮೇಲೆ ಕೆಲಸ ಕೂತಿದೆ."

"ಆ ಕಡೆ ನಿಮ್ಮೋರು ಯಾರಿದಾರೆ?"

ಅವಳ ಕೈ ನಿಂತಿತು. "ಅಕ್ಕ."

ಕಾನ್‌ಸ್ಟೇಬಲ್‌ನನ್ನು ಅಂಗಡಿಯಲ್ಲೇ ಬಿಟ್ಟು, ಇನ್‌ಸ್ಪೆಕ್ಟರ್ ದೂರದ ಸರ್ಕಲ್ ಸುತ್ತಿ ಎದುರಿನ ಮನೆಗೆ ನಡೆದೇ ಹೋದರು. ಹೋಗುವಷ್ಟರಲ್ಲಿ ಬೆವರು ಇಳಿಯಿತು. ಬಾಗಿಲು ತೆಗೆದ ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ.

"ಅಂಗಡಿ ನಮ್ಮಿಬ್ಬರದೂ ಸರ್. ಚಕ್ರ ತಿರುಗಿಸಿ ಡೊಂಕು ಎಲ್ಲಿದೆ ಅಂತ ಹೇಳೋದು ನಾನೇ. ಬೇಲಿ ಹಾಕಿದ ಮೇಲೆ ಆ ಸರ್ಕಲ್‌ಗೆ ಹೆದರಿ ಮನೇಲೇ ಕೂತಿದ್ದೆ. ಈಗ ದಾರಿ ಬಿಟ್ಟಿದಾರಂತೆ, ತಂಗಿ ಬಂದು ಕೈಹಿಡಿದು ದಾಟಿಸ್ತಾಳೆ. ತುದಿಗೆ ಮೆತ್ತಗೆ ರಬ್ಬರು ಬೇರೆ ಹಾಕಿದಾರೆ. ಎಂಜಿನಿಯರು ಒಳ್ಳೇ ಮನುಷ್ಯ ಇರಬೇಕು."

ಇನ್‌ಸ್ಪೆಕ್ಟರ್ ಹೌದೆಂದರು, ಅಷ್ಟೆ.

ಮರಳಿ ಬಂದಾಗ ತಂಗಿ ಗರಗಸವನ್ನು ತಾನೇ ತೆಗೆದು ಮುಂದಿಟ್ಟಿದ್ದಳು.

"ಅಕ್ಕನಿಗೆ ಹೇಳಿದ್ರಾ?"

"ಇಲ್ಲ. ಅದು ನಿಮ್ಮ ಕೆಲಸ."

"ಆ ಗುಮಾಸ್ತರ ಕಾಲು?"

"ಕೂಡುತ್ತಂತೆ, ಟೈಮ್ ಬೇಕು. ಯಾರಾದ್ರೂ ಇದೇ ಕಿಂಡೀಲಿ ಸತ್ತೇ ಹೋಗಿದ್ರೆ ಏನಮ್ಮಾ ಮಾಡ್ತಿದ್ರಿ?"

ಅವಳು ಕೈಯ ಗ್ರೀಸು ಒರೆಸಿಕೊಂಡು ಎದ್ದಳು. ಗರಗಸ ಜಪ್ತಿಯಾಯಿತು, ಮಧ್ಯಾಹ್ನವೇ ಅವಳ ಬಂಧನವಾಯಿತು. ಠಾಣೆಗೆ ಬಂದ ಎಂಜಿನಿಯರ್ ಕೈಗೆ ಇನ್‌ಸ್ಪೆಕ್ಟರ್ ಒಂದು ಕೋರಿಕೆ ಪತ್ರ ಕೊಟ್ಟರು: ಅದೇ ಜಾಗದಲ್ಲಿ ಪಾದಚಾರಿ ಸಿಗ್ನಲ್, ದಾಟುವ ಹೊತ್ತಿಗೆ ಸದ್ದು ಮಾಡುವಂಥದ್ದು.

"ಪ್ಲಾನಲ್ಲಿ ಇಲ್ವಲ್ಲ ಸರ್."

"ಈಗ ಸೇರಿಸಿ. ಹಾಕೋವರೆಗೂ ನಾನು ಬಿಡೋನಲ್ಲ."

ತಂಗಿಯ ಹೇಳಿಕೆ ಚಿಕ್ಕದು. ಬೇಲಿ ಬಂದ ಮೇಲೆ ಅಕ್ಕ ಮಾತು ಕಡಿಮೆ ಮಾಡಿದ್ದಳು. ಒಂದು ದಿನ, "ಅಂಗಡಿ ನಾನಿಲ್ಲದೇನೂ ನಡೆಯುತ್ತೆ ಬಿಡು," ಎಂದಿದ್ದಳು.

"ನಡೀತಿತ್ತು ಸರ್," ಎಂದಳು ತಂಗಿ. "ಅದು ಅವಳಿಗೆ ಗೊತ್ತಾಗಬಾರದಿತ್ತು."